ಪಕ್ಕದ ಮನೆಯ ಮರೀನ್ ಹುಡುಗನ ಸಮಾಧಿಗೆ ಹೋಗುವ ಮೊದಲು

ಪ್ರಶ್ನೆ: ನಮ್ಮ ಊರು ಶಿವಮೊಗ್ಗದ ಕಡೆ. ಈಗ ಕೆಲವು ವರ್ಷಗಳಿಂದ ವರ್ಜೀನಿಯಾದಲ್ಲಿದ್ದೇವೆ. ಪಕ್ಕದ ಮನೆಯಲ್ಲಿ ವಯಸ್ಸಾದ ಅಮೆರಿಕನ್ ದಂಪತಿ ಇದ್ದಾರೆ. ಅವರ ಮಗ ಮರೀನ್ ಆಗಿದ್ದ, ಅಂದರೆ ಅಮೆರಿಕದ ಮರೀನ್ ಕೋರ್ ಅನ್ನುವ ಸೇನಾಪಡೆಯವನು. 2004ರ ನವೆಂಬರಿನಲ್ಲಿ ಇರಾಕಿನ ಫಲ್ಲೂಜಾದಲ್ಲಿ ತೀರಿಕೊಂಡ. ಆಗ ಅವನಿಗೆ 20 ವರ್ಷ. ನಾವು ಅವನನ್ನು ನೋಡಿದವರಲ್ಲ. ಈ ಸಲ ಮೆಮೋರಿಯಲ್ ಡೇ ದಿನ, ಅಂದರೆ ಸತ್ತ ಯೋಧರನ್ನು ನೆನೆಯುವ ದಿನ, ಅವನ ಸಮಾಧಿ ಇರುವ ಆರ್ಲಿಂಗ್ಟನ್ ಯೋಧರ ಸ್ಮಶಾನಕ್ಕೆ ಜೊತೆಗೆ ಬನ್ನಿ ಅಂತ ಅವನ ತಾಯಿ ಕರೆದಿದ್ದಾರೆ. ಏನು ತಗೊಂಡು ಹೋಗಬೇಕು, ಏನು ಮಾತಾಡಬೇಕು ಅಂತ ಗೊತ್ತಾಗುತ್ತಿಲ್ಲ. ಅವನ ಹೆಸರು ಎತ್ತಬಹುದಾ? ಸಮಾಧಿ ಕಲ್ಲಿನ ಮೇಲೆ ನಾಣ್ಯ ಇಡುತ್ತಾರಂತೆ, ಯಾಕೆ? ಮಗಳಿಗೆ ಹತ್ತು ವರ್ಷ, ಅವಳನ್ನು ಕರೆದೊಯ್ಯಬಹುದಾ? ಊರಿಂದ ಬಂದಿರುವ ನಮ್ಮ ಅತ್ತೆ, ಸ್ಮಶಾನಕ್ಕೆ ಹೆಂಗಸರು ಮಕ್ಕಳು ಹೋಗುವುದಾ ಅಂತ ಬೇಸರ ಮಾಡಿಕೊಂಡಿದ್ದಾರೆ. ಇನ್ನೊಂದು ಸಂಕೋಚ: ಇರಾಕ್ ಯುದ್ಧ ತಪ್ಪು ಅನ್ನುವುದು ನನ್ನ ಮತ್ತು ನನ್ನ ಗಂಡನ ಅಭಿಪ್ರಾಯ. ಹೀಗಿದ್ದೂ ಹೋಗುವುದು ಸರಿಯಾ?

ಉತ್ತರ: ಖಂಡಿತ ಹೋಗಿ. ಮಗನ ಸಮಾಧಿಗೆ ಜೊತೆಗೆ ಬನ್ನಿ ಅಂತ ಯಾವ ತಾಯಿಯೂ ಸುಮ್ನೆ ಬಾಯಿಮಾತಿಗೆ ಕರೆಯುವುದಿಲ್ಲ. ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳಿಗೆ ಆಪ್ತಸಮಾಲೋಚಕಿಯಾಗಿ ವರ್ಷಗಟ್ಟಲೆ ಹೋಗಿ ಬಂದವಳು ನಾನು. ಆಕೆ ನಿಮ್ಮನ್ನು ಕರೆಯಬೇಕೋ ಬೇಡವೋ ಅಂತ ಎಷ್ಟೋ ದಿನ ಯೋಚನೆ ಮಾಡಿರುತ್ತಾರೆ. ನಿಮ್ಮ ಮೇಲೆ ನಂಬಿಕೆ ಬಂದ ಮೇಲೇ ಕರೆದಿರುತ್ತಾರೆ.

ಹೆಸರು ಎತ್ತಬಹುದಾ ಅಂತ ಕೇಳಿದ್ದೀರಲ್ಲ, ಮೊದಲು ಅದನ್ನೇ ಹೇಳಿಬಿಡುತ್ತೇನೆ. ಎತ್ತಬಹುದು, ಎತ್ತಲೇಬೇಕು. ಮಗ ಹೋದ ಮನೆಗೆ ನಾವು ಹೋದರೆ ಆ ಹೆಸರು ಬಾರದ ಹಾಗೆ ಮಾತು ಮರೆಸುತ್ತೇವೆ. ನೆನಪಿಸಿ ಯಾಕೆ ನೋಯಿಸುವುದು ಅನ್ನುತ್ತೇವೆ. ಆದರೆ ಆ ತಾಯಿ ಮರೆತಿದ್ದರೆ ತಾನೇ ನಾವು ನೆನಪಿಸುವುದು? ನಾನು ಕಂಡ ತಾಯಂದಿರಲ್ಲಿ ಹೆಚ್ಚಿನವರಿಗೆ ಕಾಡುವ ಭಯ ಒಂದೇ. ನಾವಿಬ್ಬರು ಹೋದ ಮೇಲೆ ಇವನ ಹೆಸರು ಹೇಳುವವರು ಯಾರಿದ್ದಾರೆ ಅನ್ನುವುದು. ಮೊದಲ ವರ್ಷ ಮನೆ ತುಂಬ ಜನ ಇರುತ್ತಾರೆ. ಊಟ ತರುತ್ತಾರೆ, ಕಾರ್ಡು ಬರುತ್ತದೆ, ಶಾಲೆಯಲ್ಲಿ ಫೋಟೋ ಹಾಕುತ್ತಾರೆ. ಎರಡನೇ ವರ್ಷಕ್ಕೆ ಫೋನ್ ಕಡಿಮೆಯಾಗುತ್ತದೆ. ಹತ್ತು ವರ್ಷ ಕಳೆಯುವ ಹೊತ್ತಿಗೆ ಬೀದಿಯಲ್ಲಿ ಹೊಸಬರು ಬಂದಿರುತ್ತಾರೆ, ಅವರಿಗೆ ಆ ಹುಡುಗ ಇದ್ದದ್ದೇ ಗೊತ್ತಿರುವುದಿಲ್ಲ. ನೀವೂ ಹಾಗೆ ಬಂದವರೇ. ನಿಮ್ಮ ಬಾಯಲ್ಲಿ ಅವನ ಹೆಸರು ಕೇಳಿದರೆ ಆಕೆಗೆ ಏನಾಗಬಹುದು, ಯೋಚಿಸಿ.

ಇದನ್ನು ಹೇಳುವಾಗ ನನಗೆ ಹಾರ್ಲನ್ ಬ್ಲಾಕ್ ತಾಯಿ ನೆನಪಾಗುತ್ತಾರೆ. ಆರ್ಲಿಂಗ್ಟನ್ ಸ್ಮಶಾನದ ಪಕ್ಕದಲ್ಲೇ, ಉತ್ತರಕ್ಕೆ, ಮರೀನ್ ಕೋರ್ ಯುದ್ಧ ಸ್ಮಾರಕ ಇದೆ. ದೊಡ್ಡ ಕಂಚಿನ ವಿಗ್ರಹ. ಆರು ಜನ ಸೇರಿ ಬಾವುಟದ ಕಂಬ ಎತ್ತುತ್ತಿರುವ ಹಾಗಿದೆ. 1945ರ ಫೆಬ್ರುವರಿ 23ರಂದು ಜಪಾನಿನ ಇವೊ ಜಿಮಾ ದ್ವೀಪದಲ್ಲಿ, ಸುರಿಬಾಚಿ ಬೆಟ್ಟದ ಮೇಲೆ ಜೋ ರೊಸೆಂಥಾಲ್ ತೆಗೆದ ಫೋಟೋ ನೋಡಿ ಮಾಡಿದ್ದು. ಆ ಆರು ಜನರಲ್ಲಿ ಮೂವರು ದ್ವೀಪದಿಂದ ಜೀವಂತ ವಾಪಸಾಗಲಿಲ್ಲ. ಕಂಬದ ಬುಡದಲ್ಲಿ ಬಗ್ಗಿ, ಅದನ್ನು ನೆಲಕ್ಕೆ ಊರುತ್ತಿದ್ದಾನಲ್ಲ, ಅವನೇ ಹಾರ್ಲನ್. ಟೆಕ್ಸಾಸಿನ ವೆಸ್ಲಾಕೊ ಅನ್ನುವ ಊರಿನ ಹುಡುಗ. ಶಾಲೆಯ ಫುಟ್‌ಬಾಲ್ ತಂಡದ ಗೆಳೆಯರ ಜೊತೆ ಮರೀನ್ ಸೇರಿದ್ದ. ಫೋಟೋ ತೆಗೆದು ಒಂದು ವಾರ ಆಗುವಷ್ಟರಲ್ಲಿ, ಮಾರ್ಚ್ 1ರಂದು, ಸತ್ತ. ಅವನಿಗೂ 20 ವರ್ಷ.

ಫೋಟೋದಲ್ಲಿ ಅವನ ಮುಖ ಕಾಣುವುದಿಲ್ಲ. ಬೆನ್ನು ಕಾಣುತ್ತದೆ ಅಷ್ಟೆ. ಆ ಜಾಗದಲ್ಲಿರುವವನು ಹ್ಯಾಂಕ್ ಹ್ಯಾನ್ಸನ್ ಅನ್ನುವ ಬೇರೊಬ್ಬ ಮರೀನ್ ಅಂತ ಸರ್ಕಾರ ಹೇಳಿತು. ಪಾಪ, ಆ ಹ್ಯಾನ್ಸನ್ ಕೂಡ ಅದೇ ದ್ವೀಪದಲ್ಲಿ ಸತ್ತಿದ್ದ. ಆದರೆ ಹಾರ್ಲನ್ ತಾಯಿ ಬೆಲ್ ಬ್ಲಾಕ್ ಪತ್ರಿಕೆಯಲ್ಲಿ ಫೋಟೋ ನೋಡಿದಾಗಿನಿಂದ ಇದು ನನ್ನ ಮಗ ಅನ್ನುತ್ತಲೇ ಇದ್ದರು. ಮುಖ ಬೇಕಾಗಿರಲಿಲ್ಲ ಅವರಿಗೆ. ಎತ್ತಿ ಆಡಿಸಿದ ಮಗು, ಬೆನ್ನು ನೋಡಿದರೂ ಗೊತ್ತಾಗುವುದಿಲ್ಲವಾ? ಮೊದಮೊದಲು ಯಾರೂ ಒಪ್ಪಲಿಲ್ಲ. ಆ ಆರು ಜನರಲ್ಲಿ ಬದುಕಿ ಬಂದವರಲ್ಲಿ ಐರಾ ಹೇಯ್ಸ್ ಒಬ್ಬರು. ಅರಿಜೋನಾದ ಪೀಮಾ ಬುಡಕಟ್ಟಿನವರು. 1946ರಲ್ಲಿ ದಾರಿಯಲ್ಲಿ ಸಿಕ್ಕ ಗಾಡಿಗಳಿಗೆ ಕೈ ಅಡ್ಡ ಹಾಕಿಕೊಂಡು ಟೆಕ್ಸಾಸಿನವರೆಗೆ ಹೋಗಿ, ಹಾರ್ಲನ್ ತಂದೆಯನ್ನು ಕಂಡು, ಅಲ್ಲಿರುವವನು ನಿಮ್ಮ ಮಗನೇ ಅಂತ ಹೇಳಿದರು. 1947ರ ಜನವರಿಯಲ್ಲಿ ಮರೀನ್ ಕೋರ್ ಹೆಸರನ್ನು ತಿದ್ದಿತು. ಇನ್ನೂ ಇಬ್ಬರ ಹೆಸರು ತಪ್ಪಾಗಿತ್ತು ಅಂತ 2016ರಲ್ಲೂ 2019ರಲ್ಲೂ ಮತ್ತೆ ತಿದ್ದಿದರು. ಜಗತ್ತಿನಲ್ಲೇ ಹೆಸರಾದ ಯುದ್ಧದ ಫೋಟೋ ಅದು. ಅದರಲ್ಲಿರುವ ಹುಡುಗರಿಗೇ ಹೆಸರು ಸರಿಯಾಗಿ ಸಿಗಲು ಇಷ್ಟು ಕಾಲ ಹಿಡಿಯಿತು. ಹೆಸರು ತಾನಾಗಿ ಉಳಿಯುವುದಿಲ್ಲ. ಯಾರೋ ಹಠ ಹಿಡಿದು ಉಳಿಸಿಕೊಳ್ಳಬೇಕು.

ಹಾಗಾಗಿ ಆಕೆಯ ಮಗನ ಹೆಸರನ್ನು ಸರಿಯಾಗಿ ಕೇಳಿ ತಿಳಿದುಕೊಳ್ಳಿ. ಹೇಗೆ ಉಚ್ಚರಿಸುತ್ತಾರೆ, ಮನೆಯಲ್ಲಿ ಏನಂತ ಕರೆಯುತ್ತಿದ್ದರು, ಅದನ್ನೂ ಕೇಳಿ. ಆಮೇಲೆ ಅವನು ಬದುಕಿದ್ದಾಗಿನ ವಿಷಯ ಕೇಳಿ. ಯಾವ ಊಟ ಇಷ್ಟ, ಶಾಲೆಯಲ್ಲಿ ಹೇಗಿದ್ದ, ಯಾವ ಆಟ ಆಡುತ್ತಿದ್ದ, ಅಮ್ಮನ ಹತ್ತಿರ ಯಾವುದಕ್ಕೆ ಜಗಳ ಆಡುತ್ತಿದ್ದ. ಅವನು ಬದುಕಿದ್ದು 20 ವರ್ಷ. ಸತ್ತದ್ದು ಒಂದು ದಿನ. ಆದರೆ ಬಂದವರೆಲ್ಲ ಆ ಒಂದು ದಿನದ ಬಗ್ಗೆಯೇ ಕೇಳುತ್ತಾರೆ. ಹೇಗಾಯಿತು, ಎಲ್ಲಿ ಏಟು ಬಿತ್ತು, ತಕ್ಷಣ ಹೋದನಾ ಅಂತ. ಅದನ್ನು ನೀವು ಕೇಳಬೇಡಿ. ಆಕೆಯೇ ಹೇಳಿದರೆ ಕೇಳಿಸಿಕೊಳ್ಳಿ, ನಡುವೆ ಬಾಯಿ ಹಾಕಬೇಡಿ.

ಹೇಳಬಾರದ ಮಾತುಗಳು ಕೆಲವಿವೆ. "ಕಾಲ ಎಲ್ಲ ಮರೆಸುತ್ತದೆ", "ದೇವರಿಗೆ ಒಳ್ಳೆಯವರೇ ಬೇಕು", "ನಿಮಗೆ ಇನ್ನೊಬ್ಬ ಮಗ ಇದ್ದಾನಲ್ಲ", "ಹೆಮ್ಮೆ ಪಡಿ". ಇದರಲ್ಲಿ ಕೊನೆಯದು ಒಳ್ಳೆಯ ಮಾತಲ್ವಾ ಅನ್ನಿಸಬಹುದು. ಆಕೆಗೆ ಹೆಮ್ಮೆ ಇದ್ದೇ ಇದೆ. ಆದರೆ ಹೆಮ್ಮೆ ಪಡಿ ಅಂತ ನಾವು ಹೇಳಿದರೆ ಅಳಬೇಡಿ ಅಂದ ಹಾಗೆ ಕೇಳಿಸುತ್ತದೆ. ಏನೂ ತೋಚದಿದ್ದರೆ ಸುಮ್ಮನೆ ಪಕ್ಕದಲ್ಲಿ ನಿಂತುಕೊಳ್ಳಿ, ಸಾಕು. ಇನ್ನೆರಡು ಸಣ್ಣ ವಿಷಯ. "ಹ್ಯಾಪಿ ಮೆಮೋರಿಯಲ್ ಡೇ" ಅಂತ ಆ ದಿನ ಹೇಳಬೇಡಿ. ಅಂಗಡಿಗಳಲ್ಲಿ ಹಾಗೆ ಬರೆದಿರುತ್ತಾರೆ, ಆದರೆ ಅದು ಸತ್ತವರ ದಿನ. ಬದುಕಿರುವ ಮಾಜಿ ಯೋಧರಿಗೆ ಬೇರೆ ದಿನ ಇದೆ, ನವೆಂಬರ್ 11. ಎರಡನೆಯದು, ಅವನನ್ನು "ಸೋಲ್ಜರ್" ಅನ್ನಬೇಡಿ, "ಮರೀನ್" ಅನ್ನಿ. ಭೂಸೇನೆಯವರು ಬೇರೆ, ಇವರು ಬೇರೆ. ಆ ಮನೆಗಳಲ್ಲಿ ಅದಕ್ಕೆ ತುಂಬಾ ಬೆಲೆ.

ಯುದ್ಧ ತಪ್ಪು ಅನ್ನುವ ನಿಮ್ಮ ಅಭಿಪ್ರಾಯಕ್ಕೂ ಈ ಹೋಗುವಿಕೆಗೂ ಅಡ್ಡಿಯಿಲ್ಲ. ಇದನ್ನು ನಾನು ಯೋಚಿಸಿಯೇ ಹೇಳುತ್ತಿದ್ದೇನೆ. ಯುದ್ಧ ಮಾಡಬೇಕು ಅಂತ ತೀರ್ಮಾನಿಸಿದವರು ಬೇರೆ, ಹೋದವರು ಬೇರೆ. ಹೋದವರಲ್ಲಿ ಎಷ್ಟೋ ಹುಡುಗರಿಗೆ ಇನ್ನೂ ಗಡ್ಡ ಸರಿಯಾಗಿ ಬಂದಿರಲಿಲ್ಲ. ಫಲ್ಲೂಜಾದ ಎರಡನೇ ಕಾಳಗ ಶುರುವಾದದ್ದು 2004ರ ನವೆಂಬರ್ 7ರಂದು. ಮನೆ ಮನೆ ಹೊಕ್ಕು ನಡೆದ ಹೋರಾಟ. ಬಾಗಿಲು ಒದ್ದು ಒಳಗೆ ಹೋಗಬೇಕು, ಒಳಗೆ ಯಾರಿದ್ದಾರೋ ಗೊತ್ತಿಲ್ಲ. ತೊಂಬತ್ತಕ್ಕೂ ಜಾಸ್ತಿ ಅಮೆರಿಕನ್ ಯೋಧರು ಅಲ್ಲಿ ಸತ್ತರು. ಊರಿಗೆ ಊರೇ ಹಾಳಾಯಿತು, ಇರಾಕಿನ ತಾಯಂದಿರೂ ಮಕ್ಕಳನ್ನು ಕಳೆದುಕೊಂಡರು. ನೀವು ಅವರಿಗಾಗಿಯೂ ಮರುಗಬಹುದು, ಈ ಹುಡುಗನಿಗಾಗಿಯೂ ಮರುಗಬಹುದು. ಒಂದಕ್ಕೊಂದು ಎದುರಲ್ಲ. ಆದರೆ ಸಮಾಧಿಯ ಮುಂದೆ ಯುದ್ಧದ ಸರಿತಪ್ಪು ಎತ್ತಬೇಡಿ. ಆಕೆಯೇ ಎತ್ತಿದರೆ? ಎತ್ತಬಹುದು. "ಇವನು ಯಾತಕ್ಕಾಗಿ ಸತ್ತ" ಅಂತ ನನ್ನನ್ನೇ ಕೇಳಿದ ತಂದೆ ತಾಯಂದಿರಿದ್ದಾರೆ. ಅದಕ್ಕೆ ಉತ್ತರ ಕೊಡಲು ಹೋಗಬೇಡಿ. ಅವರು ಉತ್ತರ ಬೇಕು ಅಂತ ಕೇಳುವುದಲ್ಲ.

ಆ ಮನೆ ಏನೇನು ದಾಟಿ ಬಂದಿದೆ ಅಂತ ಸ್ವಲ್ಪ ಗೊತ್ತಿದ್ದರೆ ನಿಮಗೂ ಮಾತು ಸುಲಭವಾಗುತ್ತದೆ. ಮರೀನ್ ಒಬ್ಬ ಸತ್ತರೆ ಮನೆಯವರಿಗೆ ಫೋನ್ ಮಾಡಿ ಹೇಳುವುದಿಲ್ಲ. ಸಮವಸ್ತ್ರ ತೊಟ್ಟವರು ಮನೆ ಬಾಗಿಲಿಗೆ ಬಂದು, ನಿಂತು, ಬಾಯಾರೆ ಹೇಳಬೇಕು. ಬೆಳಗಿನ 5ರಿಂದ ನಡುರಾತ್ರಿ 12ರ ಒಳಗೆ. ಒಬ್ಬರೇ ಬರುವುದಿಲ್ಲ. ಯುದ್ಧಕ್ಕೆ ಮಕ್ಕಳನ್ನು ಕಳಿಸಿದ ಮನೆಯವರಿಗೆಲ್ಲ ಇದು ಗೊತ್ತಿರುತ್ತದೆ. ಹಾಗಾಗಿ ಕಿಟಕಿಯಿಂದ ಆ ಸಮವಸ್ತ್ರ ಕಂಡ ಕ್ಷಣವೇ ವಿಷಯ ತಿಳಿದುಹೋಗುತ್ತದೆ. ಅವರು ಹೇಳದಿದ್ದರೆ ನಿಜವಾಗುವುದಿಲ್ಲ ಅಂತ ಬಾಗಿಲು ತೆಗೆಯದೆ ಒಳಗೇ ಕೂತ ತಾಯಂದಿರನ್ನು ನಾನು ಬಲ್ಲೆ. ಇಷ್ಟು ವರ್ಷ ಆದ ಮೇಲೂ, ಗೊತ್ತಿಲ್ಲದ ಕಾರು ಮನೆ ಮುಂದೆ ನಿಂತರೆ ಕೆಲವರಿಗೆ ಎದೆ ಧಸಕ್ ಅನ್ನುತ್ತದೆ. ನಿಮ್ಮ ಮನೆಗೆ ನೆಂಟರು ಬಂದಾಗ ಅವರ ಮನೆ ಮುಂದೆ ಗಾಡಿ ನಿಲ್ಲಿಸುವುದಾದರೆ ಮೊದಲೇ ಒಂದು ಮಾತು ಹೇಳಿಬಿಡಿ.

ದೇಹ ಮೊದಲು ಬರುವುದು ಡೆಲವೇರ್ ರಾಜ್ಯದ ಡೋವರ್ ವಾಯುನೆಲೆಗೆ. ಬಾವುಟ ಹೊದಿಸಿದ ಲೋಹದ ಪೆಟ್ಟಿಗೆಯನ್ನು ಅದೇ ಪಡೆಯವರು ವಿಮಾನದಿಂದ ಹೊತ್ತು ಇಳಿಸುತ್ತಾರೆ. ಅಲ್ಲಿಂದ ಮನೆಯವರು ಹೇಳಿದ ಊರಿನವರೆಗೆ ಒಬ್ಬರು ಜೊತೆಗೇ ಬರುತ್ತಾರೆ. ಹುಡುಗನನ್ನು ಒಂಟಿಯಾಗಿ ಬಿಡುವುದಿಲ್ಲ. ಡೋವರ್‌ನಲ್ಲಿ ಇಳಿಸುವುದನ್ನು ಪತ್ರಿಕೆಯವರು ಚಿತ್ರೀಕರಿಸಬಾರದು ಅಂತ 1991ರಿಂದ ನಿಷೇಧ ಇತ್ತು. 2009ರಲ್ಲಿ ಅದನ್ನು ತೆಗೆದರು, ಈಗ ಮನೆಯವರು ಒಪ್ಪಿದರೆ ಚಿತ್ರೀಕರಿಸಬಹುದು. ಅಂದರೆ ನಿಮ್ಮ ನೆರೆಯವರ ಮಗ ಬಂದಿಳಿದ ಕಾಲದಲ್ಲಿ ದೇಶ ಆ ಪೆಟ್ಟಿಗೆಗಳನ್ನು ಕಣ್ಣಾರೆ ಕಾಣಲಿಲ್ಲ. ಆ ಸಿಟ್ಟು ಕೆಲವು ಮನೆಗಳಲ್ಲಿ ಇನ್ನೂ ಇದೆ. ಇನ್ನು ಕೆಲವರಿಗೆ, ಯಾರೂ ನೋಡದಿದ್ದದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ.

ಅವರ ಮನೆಯಲ್ಲಿ ಮೂರು ಮೂಲೆಯ ಗಾಜಿನ ಪೆಟ್ಟಿಗೆ ನೋಡಿರಬಹುದು. ಅದರೊಳಗೆ ನೀಲಿ ಬಟ್ಟೆ, ಬಿಳಿ ನಕ್ಷತ್ರ. ಅದು ಅವನ ಪೆಟ್ಟಿಗೆಯ ಮೇಲೆ ಹೊದಿಸಿದ್ದ ಬಾವುಟ. ಅಂತ್ಯಕ್ರಿಯೆಯಲ್ಲಿ ಹದಿಮೂರು ಮಡಿಕೆ ಮಡಚಿ, ಕೆಂಪು ಪಟ್ಟೆ ಒಂದಿಷ್ಟೂ ಹೊರಗೆ ಕಾಣದ ಹಾಗೆ ಮುಚ್ಚಿ, ಒಬ್ಬ ಮರೀನ್ ಮಂಡಿಯೂರಿ ತಾಯಿಯ ಕೈಗೆ ಕೊಡುತ್ತಾನೆ. ಮೂರು ಸುತ್ತು ಗುಂಡು ಹಾರಿಸಿರುತ್ತಾರೆ. ಕಹಳೆಯಲ್ಲಿ "ಟ್ಯಾಪ್ಸ್" ಅನ್ನುವ ಇಪ್ಪತ್ನಾಲ್ಕು ಸ್ವರಗಳ ಸಣ್ಣ ರಾಗ ನುಡಿಸಿರುತ್ತಾರೆ. ನಿಮಗೆ ಮೆಮೋರಿಯಲ್ ಡೇ ದಿನ ಆ ರಾಗ ದೂರದಿಂದ ಕೇಳಿಸಬಹುದು. ಕೇಳಿಸಿದರೆ ಇದ್ದಲ್ಲೇ ನಿಲ್ಲಿ. ಆಕೆಯ ಬಟ್ಟೆಗೆ ನೇರಳೆ ಹಿನ್ನೆಲೆಯ ಚಿನ್ನದ ನಕ್ಷತ್ರದ ಪಿನ್ ಇರಬಹುದು, ಅದು ಇಂಥ ಮನೆಯವರಿಗೆ ಸರ್ಕಾರ ಕೊಡುವುದು. ಮೊದಲನೇ ಮಹಾಯುದ್ಧದ ಕಾಲದಲ್ಲಿ ಮಗ ಯುದ್ಧದಲ್ಲಿದ್ದರೆ ಕಿಟಕಿಯಲ್ಲಿ ನೀಲಿ ನಕ್ಷತ್ರದ ಬಾವುಟ ತೂಗುಹಾಕುತ್ತಿದ್ದರು. ಅವನು ಸತ್ತರೆ ಅದರ ಮೇಲೆ ಚಿನ್ನದ ಬಣ್ಣದ ನಕ್ಷತ್ರ ಹೊಲಿಯುತ್ತಿದ್ದರು. ಅದಕ್ಕೇ ಇವರನ್ನು "ಗೋಲ್ಡ್ ಸ್ಟಾರ್" ತಾಯಂದಿರು ಅನ್ನುವುದು. ಸೆಪ್ಟೆಂಬರ್ ತಿಂಗಳ ಕೊನೆಯ ಭಾನುವಾರ ಅವರ ದಿನ. ನೆನಪಿಟ್ಟುಕೊಳ್ಳಿ, ಆ ದಿನ ಬಾಗಿಲು ತಟ್ಟುವವರು ಕಡಿಮೆ.

ಈಗ ಆರ್ಲಿಂಗ್ಟನ್. ಇರಾಕ್, ಅಫ್ಗಾನಿಸ್ತಾನದಲ್ಲಿ ಸತ್ತವರಲ್ಲಿ ಅಲ್ಲಿ ಮಲಗಿರುವ ಹೆಚ್ಚಿನವರು ಇರುವುದು ಸೆಕ್ಷನ್ 60ರಲ್ಲಿ. 2021ರ ಆಗಸ್ಟ್ 26ರಂದು ಕಾಬೂಲ್ ವಿಮಾನ ನಿಲ್ದಾಣದ ಬಾಗಿಲಲ್ಲಿ ಬಾಂಬ್ ಸಿಡಿದು 13 ಅಮೆರಿಕನ್ ಯೋಧರು ಸತ್ತರಲ್ಲ, ಅವರಲ್ಲಿ 11 ಜನ ಮರೀನ್. ಆ 13ರಲ್ಲಿ ಕೆಲವರ ಸಮಾಧಿಯೂ ಅಲ್ಲೇ ಇದೆ. ಎಲ್ಲರಿಗೂ ಒಂದೇ ಅಳತೆಯ ಬಿಳಿ ಅಮೃತಶಿಲೆ. ಜನರಲ್‌ಗೂ ಅದೇ, ಹತ್ತೊಂಬತ್ತರ ಹುಡುಗನಿಗೂ ಅದೇ. ಕಲ್ಲಿನ ಮೇಲೆ ಹೆಸರು, ದರ್ಜೆ, ಹುಟ್ಟಿದ ದಿನ, ಸತ್ತ ದಿನ, ಯಾವ ಯುದ್ಧ ಅನ್ನುವುದು ಇರುತ್ತದೆ. ಮೇಲೆ ಅವರವರ ಧರ್ಮದ ಗುರುತು. ಶಿಲುಬೆ ಜಾಸ್ತಿ ಕಾಣುತ್ತದೆ, ಆದರೆ ಹಿಂದೂ, ಮುಸ್ಲಿಂ, ಯಹೂದಿ, ಬೌದ್ಧ ಗುರುತು ಕೆತ್ತಿಸಲೂ ಅವಕಾಶ ಇದೆ. ಮೆಮೋರಿಯಲ್ ಡೇಗೆ ಮೊದಲು "ಓಲ್ಡ್ ಗಾರ್ಡ್" ಪಡೆಯವರು ಒಂದೊಂದು ಸಮಾಧಿಗೂ ಒಂದು ಸಣ್ಣ ಬಾವುಟ ನೆಡುತ್ತಾರೆ. ಕಲ್ಲಿನಿಂದ ಸರಿಯಾಗಿ ಒಂದು ಬೂಟಿನ ಉದ್ದ ಬಿಟ್ಟು. ಅದನ್ನು ಕಿತ್ತು ಮಕ್ಕಳ ಕೈಗೆ ಕೊಡಬಾರದು.

ಸೆಕ್ಷನ್ 60 ಆ ದಿನ ನೀವು ಅಂದುಕೊಂಡ ಹಾಗೆ ಇರುವುದಿಲ್ಲ. ನಿಶ್ಶಬ್ದ, ತಲೆ ತಗ್ಗಿಸಿ ನಿಂತ ಜನ, ಅಷ್ಟೇ ಇರುತ್ತದೆ ಅಂದುಕೊಂಡರೆ ಬೆರಗಾಗುತ್ತೀರಿ. ಮಡಚುವ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಹುಲ್ಲಿನ ಮೇಲೆ ಕಂಬಳಿ ಹಾಸಿ ಮಗು ಮಲಗಿಸಿರುತ್ತಾರೆ. ಫಲ್ಲೂಜಾದಲ್ಲಿ ಜೊತೆಗಿದ್ದ ಹುಡುಗರು ಈಗ ನಲವತ್ತರ ಆಸುಪಾಸು. ಹೊಟ್ಟೆ ಬಂದಿದೆ, ತಲೆ ನರೆತಿದೆ, ತೋಳಿನ ಮೇಲೆ ಸತ್ತ ಗೆಳೆಯರ ಹೆಸರಿನ ಹಚ್ಚೆ. ಕೆಲವರ ಮಣಿಕಟ್ಟಿನಲ್ಲಿ ಕಪ್ಪು ಲೋಹದ ಬಳೆ, ಅದರ ಮೇಲೂ ಅದೇ ಹೆಸರು. ಒಬ್ಬ ಬಿಯರ್ ಡಬ್ಬಿ ತೆರೆದು ಕಲ್ಲಿನ ಪಕ್ಕ ಇಡುತ್ತಾನೆ. ಹಳೆಯ ಕತೆ ಹೇಳಿ ಎಲ್ಲರೂ ಗೊಳ್ಳೆಂದು ನಗುತ್ತಾರೆ, ಮರುಕ್ಷಣ ಅವನೇ ಕಲ್ಲಿಗೆ ಹಣೆ ಒತ್ತಿ ಬಿಕ್ಕುತ್ತಾನೆ. ಅವರು ನಿಮ್ಮ ನೆರೆಯವರನ್ನು "ಮಾಮ್" ಅಂತ ಕರೆದರೆ ಆಶ್ಚರ್ಯ ಬೇಡ. ಆ ಗೆಳೆಯರಿಗೆ ಆಕೆ ನಿಜವಾಗಿಯೂ ತಾಯಿಯೇ. ನೀವು ಸ್ವಲ್ಪ ಹಿಂದೆ ನಿಂತು ಅವರಿಗೆ ಜಾಗ ಬಿಡಿ. ಅವರೇ ಮಾತಾಡಿಸುತ್ತಾರೆ. ಯಾರ ಫೋಟೋವನ್ನೂ ಕೇಳದೆ ತೆಗೆಯಬೇಡಿ.

ನಾಣ್ಯದ ವಿಷಯ ಕೇಳಿದ್ದೀರಿ. ಸಮಾಧಿ ಕಲ್ಲಿನ ನೆತ್ತಿಯ ಮೇಲೆ ನಾಣ್ಯ ಇಡುವುದು ಯೋಧರ ನಡುವೆ ಬೆಳೆದುಬಂದ ರೂಢಿ, ಕಾನೂನಲ್ಲ. ಒಂದು ಸೆಂಟಿನ ಪೆನ್ನಿ ಇಟ್ಟರೆ ಯಾರೋ ಬಂದು ಹೋಗಿದ್ದಾರೆ ಅಂತ. ಐದು ಸೆಂಟಿನ ನಿಕಲ್ ಇಟ್ಟವನು ಬೂಟ್ ಕ್ಯಾಂಪ್ ತರಬೇತಿಯಲ್ಲಿ ಜೊತೆಗಿದ್ದವನು. ಹತ್ತು ಸೆಂಟಿನ ಡೈಮ್ ಅಂದರೆ ಒಟ್ಟಿಗೆ ಸೇವೆ ಮಾಡಿದವನು. ಇಪ್ಪತ್ತೈದು ಸೆಂಟಿನ ಕ್ವಾರ್ಟರ್ ಇದ್ದರೆ, ಅದನ್ನು ಇಟ್ಟವನು ಇವನು ಪ್ರಾಣ ಬಿಟ್ಟಾಗ ಅಲ್ಲೇ ಇದ್ದ ಅಂತ ಅರ್ಥ. ನೀವು ಪೆನ್ನಿ ಇಡಿ. ಮಗಳ ಕೈಯಲ್ಲಿ ಇಡಿಸಿ. ಜಾಸ್ತಿ ಇಟ್ಟರೆ ಜಾಸ್ತಿ ಮರ್ಯಾದೆ ಅಂತ ಕ್ವಾರ್ಟರ್ ಇಡಲು ಹೋಗಬೇಡಿ, ಅದು ಇನ್ನೊಬ್ಬರ ಜಾಗ. ಆ ಕಲ್ಲಿನ ಮೇಲೆ ಕ್ವಾರ್ಟರ್ ಕಂಡರೆ ಸುಮ್ಮನೆ ಇರಿ. ಪ್ರತಿ ವರ್ಷ ಅದನ್ನು ಯಾರು ಇಡುತ್ತಾರೆ ಅನ್ನುವುದು ಆ ತಾಯಿಗೆ ಗೊತ್ತಿರಬಹುದು, ಗೊತ್ತಿಲ್ಲದೆಯೂ ಇರಬಹುದು. ಎರಡೂ ಮಾತಾಡಲು ಕಷ್ಟದ ವಿಷಯ.

ಹೂವು ಒಯ್ಯಿರಿ. ತಾಜಾ ಹೂವು, ಪ್ಲಾಸ್ಟಿಕ್ ಸುತ್ತಿದ್ದರೆ ಬಿಚ್ಚಿ. ಸೇವಂತಿಗೆ ಸಿಕ್ಕರೆ ಚೆನ್ನ. ಗಾಜಿನ ಹೂದಾನಿ ಬೇಡ. ಅಲ್ಲಿ ದೀಪ, ಊದುಬತ್ತಿ, ಕರ್ಪೂರ ಹಚ್ಚಬೇಡಿ. ಹಚ್ಚಬೇಕು ಅನ್ನಿಸಿದರೆ ಹೊರಡುವ ಮೊದಲು ಮನೆಯ ದೇವರ ಮುಂದೆ ಅವನ ಹೆಸರು ಹೇಳಿ ಹಚ್ಚಿ, ಮತ್ತು ಹಚ್ಚಿದ್ದನ್ನು ಆಕೆಗೆ ಹೇಳಿ. ಆಕೆ ಯಾವ ಧರ್ಮದವರೇ ಆಗಿರಲಿ, ಇದನ್ನು ಬೇಡ ಅನ್ನುವ ತಾಯಿಯನ್ನು ನಾನು ಕಂಡಿಲ್ಲ. ಹದಿನಾರು ದಾಟಿದವರೆಲ್ಲ ಫೋಟೋ ಇರುವ ಗುರುತಿನ ಚೀಟಿ ಇಟ್ಟುಕೊಳ್ಳಿ. ಆ ದಿನ ದೊಡ್ಡ ಸಮಾರಂಭ ಇರುತ್ತದೆ, ಜನ ಜಾಸ್ತಿ, ತಪಾಸಣೆಗೆ ಸಾಲು ನಿಲ್ಲಬೇಕು. ಬಿಸಿಲಿರುತ್ತದೆ. ನಡೆಯುವುದೂ ತುಂಬಾ ಇದೆ, ಒಳ್ಳೆಯ ಚಪ್ಪಲಿ ಹಾಕಿಕೊಳ್ಳಿ, ನೀರು ಇರಲಿ.

ಅತ್ತೆಯವರ ಬೇಸರವನ್ನು ತಳ್ಳಿಹಾಕಬೇಡಿ. ಅವರು ಬೆಳೆದ ಮನೆಯಲ್ಲಿ ಸ್ಮಶಾನ ಅಂದರೆ ಊರಾಚೆ, ಹೆಂಗಸರು ಬಾಗಿಲಲ್ಲೇ ನಿಲ್ಲುವುದು, ಹೋಗಿ ಬಂದವರು ಸ್ನಾನ ಮಾಡುವುದು. ಅದು ಅವರ ನಡವಳಿಕೆ. ಬಂದ ಮೇಲೆ ಎಲ್ಲರೂ ಸ್ನಾನ ಮಾಡುತ್ತೇವೆ ಅಂತ ಹೇಳಿ, ಮಾಡಿ ಕೂಡ. ಅದರಿಂದ ಯಾರಿಗೂ ಏನೂ ಕಡಿಮೆಯಾಗುವುದಿಲ್ಲ. ಆದರೆ ಅವರಿಗೆ ಇನ್ನೊಂದು ಮಾತನ್ನೂ ಹೇಳಿ ನೋಡಿ. ನಮ್ಮ ಊರುಗಳಲ್ಲಿ ವೀರಗಲ್ಲು ಇರುವುದು ಊರಾಚೆ ಮಾತ್ರವಾ? ಗುಡಿಯ ಅಂಗಳದಲ್ಲಿ, ಕೆರೆ ಏರಿಯ ಮೇಲೆ, ಅರಳಿಕಟ್ಟೆಯ ಹತ್ತಿರ ಇವೆ. ಶಿವಮೊಗ್ಗದ ಕಡೆ ಬಳ್ಳಿಗಾವೆಯಲ್ಲೇ ಎಷ್ಟಿವೆ! ದನ ಕಾಯಲು, ಊರು ಉಳಿಸಲು ಹೋಗಿ ಸತ್ತವರ ಕಲ್ಲುಗಳು ಅವು. ಹೆಂಗಸರು ಮಕ್ಕಳು ಅವುಗಳ ಪಕ್ಕ ಓಡಾಡಿಕೊಂಡೇ ಬೆಳೆದವರು. ಬೆಂಗಳೂರು ಅನ್ನುವ ಹೆಸರು ಸಿಗುವ ಬೇಗೂರಿನ ಹಳೆಯ ಶಾಸನವೂ ಒಂದು ಕಾಳಗದಲ್ಲಿ ಸತ್ತವನ ನೆನಪಿನದೇ. ಆ ಕಲ್ಲು ಇಲ್ಲದಿದ್ದರೆ ಅವನ ಹೆಸರು ಇವತ್ತು ಯಾರಿಗೆ ಗೊತ್ತಿರುತ್ತಿತ್ತು? ಅತ್ತೆಯವರಿಗೆ ಇದು ಹಿಡಿಸಬಹುದು. ಹಿಡಿಸದಿದ್ದರೆ ಅವರು ಮನೆಯಲ್ಲೇ ಇರಲಿ, ಬಲವಂತ ಬೇಡ. ಒಂದು ಡಬ್ಬಿ ಚಿತ್ರಾನ್ನ ಮಾಡಿಕೊಡಿ ಅನ್ನಿ, ವಾಪಸ್ ಬಂದ ಮೇಲೆ ಆ ತಾಯಿಗೆ ಕೊಡಲು. ಸ್ಮಶಾನದ ಒಳಗೆ ಊಟ ಬೇಡ. ಆದರೆ ಆ ಸಂಜೆ ಅಡುಗೆ ಮಾಡುವ ಚೈತನ್ಯ ಆಕೆಗೆ ಇರುವುದಿಲ್ಲ.

ಮಗಳನ್ನು ಕರೆದೊಯ್ಯಿರಿ. ಹತ್ತು ವರ್ಷದ ಮಗುವಿಗೆ ಸಾವು ಅಂದರೆ ಏನು ಅಂತ ಗೊತ್ತಿರುತ್ತದೆ, ನಾವು ಹೇಳುವುದಿಲ್ಲ ಅಷ್ಟೆ. ಮೊದಲೇ ನೇರವಾಗಿ ಹೇಳಿ: ಆಂಟಿಯ ಮಗ ಯುದ್ಧದಲ್ಲಿ ಸತ್ತ, ಅವನನ್ನು ಮಣ್ಣು ಮಾಡಿದ ಜಾಗಕ್ಕೆ ಹೋಗುತ್ತಿದ್ದೇವೆ, ಅಲ್ಲಿ ದೊಡ್ಡವರು ಅಳಬಹುದು, ನೀನು ಹೆದರಬೇಕಿಲ್ಲ. ಮಲಗಿದ್ದಾನೆ, ನಕ್ಷತ್ರ ಆಗಿದ್ದಾನೆ ಅಂತೆಲ್ಲ ಬೇಡ. ಮಗು ಆ ತಾಯಿಯ ಹತ್ತಿರ ಏನಾದರೂ ಕೇಳಿದರೆ ತಡೆಯಬೇಡಿ. ದೊಡ್ಡವರು ಕೇಳಲು ಹೆದರುವುದನ್ನು ಮಕ್ಕಳು ಕೇಳುತ್ತಾರೆ, ಎಷ್ಟೋ ತಾಯಂದಿರಿಗೆ ಅದೇ ಬೇಕಾಗಿರುತ್ತದೆ.

ಸಮಯ ಇದ್ದರೆ ಬೇರೊಂದು ದಿನ ಅವಳನ್ನು ನದಿ ದಾಟಿ ವಾಷಿಂಗ್ಟನ್‌ನ ವಿಯೆಟ್ನಾಂ ಸ್ಮಾರಕದ ಗೋಡೆಗೂ ಕರೆದೊಯ್ಯಿರಿ. ಕಪ್ಪು ಗ್ರಾನೈಟ್ ಗೋಡೆ, 58,000ಕ್ಕೂ ಜಾಸ್ತಿ ಹೆಸರು. ಅಕ್ಷರಮಾಲೆಯ ಕ್ರಮ ಅಲ್ಲ, ಬಿದ್ದ ದಿನದ ಕ್ರಮ. ಒಟ್ಟಿಗೆ ಸತ್ತವರು ಗೋಡೆಯ ಮೇಲೂ ಒಟ್ಟಿಗೇ ಇದ್ದಾರೆ. ಹೆಸರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಕ್ಷರ ಮೂಡುತ್ತದೆ. ಜನ ಅದನ್ನು ಮನೆಗೆ ಒಯ್ಯುತ್ತಾರೆ. ಪಶ್ಚಿಮದ 23ನೇ ಫಲಕದಲ್ಲಿ ಡ್ಯಾನ್ ಬುಲಕ್ ಅನ್ನುವ ಹೆಸರು ಹುಡುಕಿ. ಅವನೂ ಮರೀನ್. ನಾರ್ತ್ ಕ್ಯಾರೊಲೈನಾದ ಗೋಲ್ಡ್ಸ್‌ಬರೊದಲ್ಲಿ ಹುಟ್ಟಿದವನು, ತಾಯಿ ಸತ್ತ ಮೇಲೆ ಬ್ರೂಕ್ಲಿನ್‌ಗೆ ಹೋದ. ಹುಟ್ಟಿದ ದಿನಾಂಕ ತಿದ್ದಿ, ಹದಿನಾಲ್ಕನೇ ವಯಸ್ಸಿಗೆ ಮರೀನ್ ಸೇರಿಬಿಟ್ಟ. 1969ರ ಜೂನ್ 7ರಂದು ಆನ್ ಹೋವಾ ನೆಲೆಯ ಮೇಲೆ ನಡೆದ ದಾಳಿಯಲ್ಲಿ ಸತ್ತ. ಆಗ ಅವನಿಗೆ 15 ವರ್ಷ. ಆ ಯುದ್ಧದಲ್ಲಿ ಸತ್ತ ಅಮೆರಿಕನ್ ಯೋಧರಲ್ಲೇ ಚಿಕ್ಕವನು. ಊರಿಗೆ ತಂದು ಮಣ್ಣು ಮಾಡಿದರು. ಆದರೆ ಅವನ ಸಮಾಧಿಗೆ ಹೆಸರಿನ ಕಲ್ಲು ಬಿದ್ದದ್ದು 2000ದಲ್ಲಿ. ಮೂವತ್ತು ವರ್ಷ ಬರೀ ಮಣ್ಣು. ಬ್ರೂಕ್ಲಿನ್‌ನ ಒಂದು ಬೀದಿಗೆ 2003ರಲ್ಲಿ ಅವನ ಹೆಸರಿಟ್ಟರು. ಅವನನ್ನು ಬಲ್ಲವರು ಬಿಡದೆ ಕೇಳಿದ್ದರಿಂದ ಇವೆಲ್ಲ ಆದವು. ನಿಮ್ಮ ಮಗಳಿಗಿಂತ ಐದೇ ವರ್ಷ ದೊಡ್ಡವನು, ಅವಳಿಗೆ ಅದು ತಾನಾಗಿಯೇ ತಟ್ಟುತ್ತದೆ.

ಮೆಮೋರಿಯಲ್ ಡೇ ಮುಗಿದ ಮೇಲಿನ ದಿನಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆ ದಿನ ಆಕೆಯ ಜೊತೆ ಇಡೀ ದೇಶ ಇರುತ್ತದೆ. ಮಧ್ಯಾಹ್ನ 3 ಗಂಟೆಗೆ ಒಂದು ನಿಮಿಷ ಎಲ್ಲರೂ ಮೌನವಾಗಿ ನಿಲ್ಲಬೇಕು ಅಂತ 2000ದಿಂದ ರೂಢಿ ಮಾಡಿದ್ದಾರೆ. ಆಕೆ ಒಂಟಿಯಾಗುವುದು ಬೇರೆ ದಿನಗಳಲ್ಲಿ. ಅವನ ಹುಟ್ಟಿದ ಹಬ್ಬ, ಸತ್ತ ದಿನ, ಥ್ಯಾಂಕ್ಸ್‌ಗಿವಿಂಗ್, ಕ್ರಿಸ್ಮಸ್. ಇನ್ನೊಂದು ನವೆಂಬರ್ 10. 1775ರಲ್ಲಿ ಮರೀನ್ ಕೋರ್ ಶುರುವಾದ ದಿನ ಅದು. ಎಲ್ಲಿದ್ದರೂ ಮರೀನ್‌ಗಳು ಅದನ್ನು ತಮ್ಮದೇ ಹುಟ್ಟುಹಬ್ಬದ ಹಾಗೆ ಆಚರಿಸುತ್ತಾರೆ. ಫಲ್ಲೂಜಾದಲ್ಲಿದ್ದವರಿಗೆ 2004ರ ಆ ದಿನ ಕಾಳಗದ ನಡುವೆಯೇ ಬಂತು. ಹಾಗಾಗಿ ನಿಮ್ಮ ನೆರೆಯವರಿಗೆ ನವೆಂಬರ್ ತಿಂಗಳು ಪೂರ್ತಿ ಭಾರ. ಈ ದಿನಾಂಕಗಳನ್ನು ಫೋನ್‌ನಲ್ಲಿ ಹಾಕಿಟ್ಟುಕೊಳ್ಳಿ. ದೊಡ್ಡದೇನೂ ಮಾಡಬೇಕಿಲ್ಲ. ಬಾಗಿಲು ತಟ್ಟಿ "ಇವತ್ತು ಅವನ ಹುಟ್ಟಿದ ದಿನ ಅಲ್ವಾ" ಅಂದರೆ ಸಾಕು. ಮಗನ ಇಷ್ಟದ ಕೇಕ್ ಯಾವುದು ಅಂತ ಮೊದಲೇ ಕೇಳಿಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು.

ತಂದೆಯನ್ನು ಮರೆಯಬೇಡಿ. ನಿಮ್ಮ ಪತ್ರದಲ್ಲಿ ತಾಯಿಯ ಮಾತೇ ಇದೆ, ಅವರೂ ಇದ್ದಾರೆ ಅಂತ ಮಾತ್ರ ಬರೆದಿದ್ದೀರಿ. ಇಂಥ ಮನೆಗಳಲ್ಲಿ ತಂದೆ ಎಷ್ಟೋ ಸಲ ಕುರ್ಚಿ ಹೊರುವುದು, ಗಾಡಿ ನಿಲ್ಲಿಸುವುದು, ನೀರು ತರುವುದು, ಹೀಗೆ ಏನಾದರೊಂದು ಕೆಲಸ ಹಚ್ಚಿಕೊಂಡಿರುತ್ತಾರೆ. ಬಂದವರೆಲ್ಲ ತಾಯಿಯನ್ನು ಅಪ್ಪಿಕೊಳ್ಳುತ್ತಾರೆ, ಅವರನ್ನು ಯಾರೂ ಮಾತಾಡಿಸುವುದಿಲ್ಲ. ನಿಮ್ಮ ಗಂಡನಿಗೆ ಹೇಳಿ, ಅವರ ಜೊತೆ ನಡೆಯಲಿ, ಕುರ್ಚಿ ಹೊರಲಿ. ಗಂಡಸರು ಪಕ್ಕಪಕ್ಕ ನಡೆಯುವಾಗ ಮುಖ ನೋಡದೆ ಮಾತಾಡುತ್ತಾರೆ, ಆಗ ಕೆಲವು ಮಾತು ತಾನಾಗಿ ಬರುತ್ತದೆ.

ಇವತ್ತೇ ಆಕೆಗೆ ಹೇಳಿಬಿಡಿ, ನಾವು ಬರುತ್ತೇವೆ ಅಂತ. ಹೂವು ಯಾವುದು ತರಲಿ, ಎಷ್ಟು ಹೊತ್ತಿಗೆ ಹೊರಡುವುದು, ಒಂದೇ ಕಾರಿನಲ್ಲಿ ಹೋಗೋಣವಾ ಅಂತ ಕೇಳಿ. ಆ ದಿನ ಬೆಳಗ್ಗೆ ಆಕೆಗೆ ಹೋಗಲು ಆಗದೆಯೂ ಇರಬಹುದು, ಕೆಲವು ವರ್ಷ ಹಾಗಾಗುತ್ತದೆ. ಹಾಗಾದರೆ ನಾವೇ ಹೋಗಿ ಹೂವಿಟ್ಟು ಬರೋಣವಾ ಅಂತ ಕೇಳಿ. ಆಕೆ ಹೂಂ ಅಂದರೆ ಸಮಾಧಿಯ ನಂಬರ್ ಬರೆದುಕೊಂಡು ಹೋಗಿ.